ಪಂಕ್ ಕೇಳುಗನ ಕಪಾಟು

ಇಂಗ್ಲೆಂಡಿನ ಕ್ರಾಸ್ ಎಂಬ ಪಂಕ್ ತಂಡವು, ಇಷ್ಟು ಪೌಂಡಿಗಿಂತ ಹೆಚ್ಚು ಕೊಡಬೇಡಿ ಎಂದು ತನ್ನ ಗ್ರಾಮಫೋನ್ ತಟ್ಟೆಗಳ ಹೊದಿಕೆಯ ಮೇಲೆಯೇ ಅಚ್ಚು ಹಾಕಿಸುತ್ತಿತ್ತು. ನಡುವಿನವರು ಲಾಭ ಬಡಿದುಕೊಳ್ಳಬಾರದು, ಜೇಬಿನಲ್ಲಿ ಕಾಸಿಲ್ಲದ ಹುಡುಗರೂ ಕೊಳ್ಳುವಂತಿರಬೇಕು ಎಂಬುದು ಅದರ ಉದ್ದೇಶ. ಇಂದು ಅಂಥ ತಟ್ಟೆಗಳ ಮೊದಲ ಮುದ್ರಣದ ಪ್ರತಿಗಳನ್ನು ಸಂಗ್ರಾಹಕರು ಆ ಅಚ್ಚಾದ ಬೆಲೆಯ ಹಲವು ಪಟ್ಟು ತೆತ್ತು ಕೊಳ್ಳುತ್ತಾರೆ. ಹೊದಿಕೆ ಮಾಸದೆ ಉಳಿದಿದ್ದಷ್ಟೂ ಬೆಲೆ ಏರುತ್ತದೆ. ಹೆಚ್ಚು ಕೊಡಬೇಡಿ ಎಂಬ ಸಾಲು ಸ್ಪಷ್ಟವಾಗಿ ಓದಲು ಸಿಗಲಿ ಎಂದು ಹೆಚ್ಚು ಕೊಡುವ ಈ ಸೋಜಿಗವನ್ನು ಬರೀ ಹುಚ್ಚೆಂದು ತಳ್ಳಿಹಾಕಿದರೆ, ಪಂಕ್ ಸಂಗೀತದ ಪ್ರೇಮಿಗಳು ನಿಜಕ್ಕೂ ಏನನ್ನು ಪ್ರೀತಿಸುತ್ತಾರೆ ಎಂಬುದು ತಿಳಿಯದೇ ಹೋಗುತ್ತದೆ.

ಪಂಕ್ ಎಂದರೆ ಹರಿದ ಬಟ್ಟೆ, ಮೊನಚು ಕೂದಲು, ಕಿವಿಗಡಚಿಕ್ಕುವ ಗಿಟಾರ್ ಎಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ಅದರೊಳಗಿದ್ದ ಮುಖ್ಯ ಮಾತು ಬೇರೆ. ಹಾಡನ್ನು ಮುದ್ರಿಸುವ ಹಕ್ಕು ದೊಡ್ಡ ಕಂಪೆನಿಗಳ ಆಸ್ತಿಯಲ್ಲ ಎಂಬುದು ಅದು. 1976ರ ಡಿಸೆಂಬರ್ ಕೊನೆಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡವು ಸುಮಾರು 500 ಪೌಂಡ್ ಕೈಗಡ ತಂದು ನಾಲ್ಕು ಹಾಡುಗಳನ್ನು ಮುದ್ರಿಸಿತು. ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಆ ಪುಟ್ಟ ತಟ್ಟೆ ಮುಂದಿನ ತಿಂಗಳು ಹೊರಬಂದಾಗ ಇದ್ದದ್ದು ಒಂದೇ ಸಾವಿರ ಪ್ರತಿ. ಯಾವ ಹಾಡು ಎಷ್ಟನೆಯ ಪ್ರಯತ್ನದಲ್ಲಿ ಸರಿಬಂತು ಎಂಬುದನ್ನೂ ಹೊದಿಕೆಯ ಹಿಂಬದಿಯಲ್ಲಿ ಕಾಣಿಸಿದ್ದರು. ಅಡುಗೆಮನೆಯ ಬಾಗಿಲು ತೆರೆದಿಟ್ಟೇ ಬಡಿಸಿದ ಹಾಗೆ! ಲಂಡನ್ನಿನ ಡೆಸ್ಪರೇಟ್ ಬೈಸಿಕಲ್ಸ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1977ರ ತನ್ನ ಮೊದಲ ತಟ್ಟೆಗೆ ತಗಲಿದ ಖರ್ಚು 153 ಪೌಂಡ್ ಎಂದು ಎರಡನೆಯ ತಟ್ಟೆಯ ಹೊದಿಕೆಯಲ್ಲಿ ಲೆಕ್ಕ ಒಪ್ಪಿಸಿತು. ಇಷ್ಟೇ ಸಾಕು, ನೀವೂ ಮಾಡಬಹುದು ಎಂಬುದು ಅದರ ಧ್ವನಿ. ಇಲ್ಲಿ ಹೊದಿಕೆಯೂ ಕೃತಿಯ ಭಾಗವೇ. ಕಂಪ್ಯೂಟರಿನ ಕಡತದಲ್ಲಿ ಹಾಡು ಉಳಿಯುತ್ತದೆ, ಈ ಲೆಕ್ಕಪತ್ರ ಉಳಿಯುವುದಿಲ್ಲ. ಹಾಗಾಗಿ ತಟ್ಟೆಯೇ ಬೇಕು ಎನ್ನುವವನದು ಹಠವಲ್ಲ, ಪೂರ್ಣ ಪಠ್ಯವನ್ನು ಕೇಳುವ ಓದುಗನ ಬೇಡಿಕೆ.

ಪಂಕ್ ಮೂಲತಃ ಬಿಡಿ ಹಾಡುಗಳ ಕಲೆ, ಆಲ್ಬಂ ಅದಕ್ಕೆ ಒಗ್ಗದು ಎಂಬ ವಾದವೊಂದಿದೆ. ನನಗದು ಅರ್ಧ ನಿಜವೆನಿಸುತ್ತದೆ. ನ್ಯೂಯಾರ್ಕಿನ ರಮೋನ್ಸ್ ತಂಡದ 1976ರ ಮೊದಲ ಆಲ್ಬಂ 14 ಹಾಡುಗಳನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತದೆ. ಅದರ ಬಿಡಿ ಹಾಡು ಚೇಷ್ಟೆಯಂತೆ ಕೇಳಿಸೀತು. ಹದಿನಾಲ್ಕನ್ನೂ ಉಸಿರು ಬಿಡದೆ ಕೇಳಿದಾಗ ಮಾತ್ರ ಅದೊಂದು ನಿಲುವು ಎಂದು ತಿಳಿಯುತ್ತದೆ. ಲಂಡನ್ನಿನ ಕ್ಲ್ಯಾಶ್ ತಂಡದ ‘ಲಂಡನ್ ಕಾಲಿಂಗ್’ 1979ರ ಡಿಸೆಂಬರಿನಲ್ಲಿ ಬಂದಾಗ ಎರಡು ತಟ್ಟೆಗಳನ್ನು ಒಂದರ ಬೆಲೆಗೇ ಕೊಟ್ಟರು. ರೆಗೆ, ಸ್ಕಾ, ರಾಕಬಿಲಿ, ಜಾಝ್‌ನ ಎಳೆಗಳೆಲ್ಲ ಅದರಲ್ಲಿವೆ. ಶುದ್ಧ ಪಂಕ್ ಬೇಕೆಂದವರಿಗೆ ಅದು ದ್ರೋಹವಾಗಿ ಕಂಡಿತ್ತು. ಆದರೆ ನಾಲ್ಕು ಬದಿಗಳಲ್ಲಿ ಹರಡಿದ ಆ 19 ಹಾಡುಗಳನ್ನು ಒಮ್ಮೆ ಎದ್ದು ತಟ್ಟೆ ಮಗುಚಿ, ಇನ್ನೊಮ್ಮೆ ಎದ್ದು ತಟ್ಟೆ ಬದಲಿಸಿ ಕೇಳುವಾಗ, ಒಂದು ತಂಡ ತನ್ನ ಬೀದಿಯಿಂದ ಹೊರಟು ಊರೆಲ್ಲ ಸುತ್ತಿದಂತೆ ಅನಿಸುತ್ತದೆ. ಕೊನೆಯ ಹಾಡು ತಡವಾಗಿ ಸೇರಿದ್ದರಿಂದ ಹೊದಿಕೆಯ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಮುಗಿಯಿತು ಎಂದುಕೊಂಡವರಿಗೆ ಇನ್ನೊಂದು ಹಾಡು ಸಿಗುತ್ತಿತ್ತು.

ಸಂಗ್ರಾಹಕನ ಪರವಾಗಿ ಇನ್ನೊಂದು ಮಾತೂ ಇದೆ. 1978ರ ಜನವರಿಯಲ್ಲಿ ಮಾರ್ಗರೆಟ್ ಥ್ಯಾಚರ್, ಬೇರೆ ಸಂಸ್ಕೃತಿಯವರು ಬಂದು ದೇಶವನ್ನು ಮುಳುಗಿಸಿಬಿಡುತ್ತಾರೆಂದು ಜನ ಹೆದರಿದ್ದಾರೆ ಎಂಬರ್ಥದ ಮಾತನ್ನು ದೂರದರ್ಶನದಲ್ಲಿ ಆಡಿದರು. ಅದನ್ನು ಅಣಕಿಸುವಂತೆ ‘ಏಲಿಯನ್ ಕಲ್ಚರ್’ ಎಂದು ಹೆಸರಿಟ್ಟುಕೊಂಡು ಪಂಕ್ ತಂಡವೊಂದು ಲಂಡನ್ನಿನಲ್ಲಿ ಹುಟ್ಟಿತು. ಪಾಕಿಸ್ತಾನ ಮೂಲದ ಮೂವರು ಹುಡುಗರು, ಗಿಟಾರ್‌ಗೆ ಒಬ್ಬ ಬಿಳಿಯ. ಒಂದೆಡೆ ಬೀದಿಯ ಜನಾಂಗದ್ವೇಷ, ಇನ್ನೊಂದೆಡೆ ಮನೆಯೊಳಗಿನ ಹಿರಿಯರ ಕಟ್ಟುಪಾಡು. ಎರಡರ ನಡುವೆ ಸಿಲುಕಿದ ತಲೆಮಾರು ಇವರ ವಸ್ತು. ಅವರದೆಂದು ಆಗ ಹೊರಬಂದದ್ದು 1980ರ ಒಂದೇ ಒಂದು ಸಿಂಗಲ್. ಯಾವ ದೊಡ್ಡ ಕಂಪೆನಿಯ ಭಂಡಾರವೂ ಅದನ್ನು ಕಾಪಾಡಲಿಲ್ಲ. ಉಳಿದದ್ದು ಯಾರ್‍ಯಾರದೋ ಮನೆಯ ಕಪಾಟಿನಲ್ಲಿ. ಬ್ರಿಟನ್ನಿನ ಏಷ್ಯನ್ನರ ಇತಿಹಾಸ ಬರೆಯುವವರಿಗೆ ಇಂಥ ತಟ್ಟೆ ಒಂದು ದಾಖಲೆಯೇ ಸರಿ.

ಇಷ್ಟೆಲ್ಲ ಹೇಳಿದ ಮೇಲೂ ಕಪಾಟು ಪೂಜಾಗೃಹವಾಗುವ ಅಪಾಯ ತಪ್ಪಿದ್ದಲ್ಲ. 1977ರ ಮಾರ್ಚಿನಲ್ಲಿ ಎ ಅಂಡ್ ಎಂ ಕಂಪೆನಿಯು ಸೆಕ್ಸ್ ಪಿಸ್ಟಲ್ಸ್ ತಂಡವನ್ನು ಸೇರಿಸಿಕೊಂಡು ಒಂದೇ ವಾರದೊಳಗೆ ಕೈಬಿಟ್ಟಿತು. ಆಗಲೇ ಅಚ್ಚಾಗಿದ್ದ ತಟ್ಟೆಗಳಲ್ಲಿ ಬಹುಪಾಲನ್ನು ನಾಶಮಾಡಿತು. ಉಳಿದ ಕೆಲವೇ ಪ್ರತಿಗಳು ಇಂದು ಸಾವಿರಾರು ಪೌಂಡಿಗೆ ಹರಾಜಾಗುತ್ತವೆ. ಅದರಲ್ಲಿರುವುದು ಬೇರೆ ಕಂಪೆನಿಯಿಂದ ಹೊರಬಂದು ಎಲ್ಲರಿಗೂ ಸಿಕ್ಕ ಹಾಡೇ. ಅಂದಮೇಲೆ ಹಣ ಕೊಡುವುದು ಹಾಡಿಗಲ್ಲ, ಕೊರತೆಗೆ. ಈ ವ್ಯಾಪಾರಕ್ಕೆ ರೋಸಿ, ಆ ತಂಡದ ಮ್ಯಾನೇಜರ್ ಆಗಿದ್ದ ಮಾಲ್ಕಂ ಮೆಕ್ಲಾರೆನ್‌ನ ಮಗ ಜೋ ಕೋರೆ, ತನ್ನಲ್ಲಿದ್ದ ಪಂಕ್ ವಸ್ತುಗಳನ್ನು 2016ರ ನವೆಂಬರಿನಲ್ಲಿ ಥೇಮ್ಸ್ ನದಿಯ ಮೇಲೆ ದೋಣಿಯಲ್ಲಿಟ್ಟು ಸುಟ್ಟ. ಅವುಗಳ ಬೆಲೆ 50 ಲಕ್ಷ ಪೌಂಡ್ ಎಂದು ಅವನೇ ಹೇಳಿಕೊಂಡ. ಸುಡುವಾಗಲೂ ಬೆಲೆಪಟ್ಟಿ ಬಿಡಲಿಲ್ಲವಲ್ಲ! ಪ್ರತಿಭಟನೆ ಎಂದು ಅದನ್ನು ಒಪ್ಪಲು ನನಗೆ ಕಷ್ಟ.

ಹಳತರ ಮೋಹದಿಂದ ಹೊಸಬರಿಗೆ ಬೀಳುವ ಪೆಟ್ಟು ಇನ್ನೂ ನೇರವಾದುದು. ಅಮೆರಿಕದಲ್ಲಿ 2020ರಲ್ಲಿ ವಿನೈಲ್ ತಟ್ಟೆಗಳ ಮಾರಾಟದ ಮೊತ್ತ ಸಿಡಿಗಳದನ್ನು ಮೀರಿತು. 1986ರ ನಂತರ ಹೀಗಾದದ್ದು ಅದೇ ಮೊದಲು. ತಟ್ಟೆ ಒತ್ತುವ ಕಾರ್ಖಾನೆಗಳೋ ಬಹುಪಾಲು ಎಂದೋ ಮುಚ್ಚಿದ್ದವು. ಅದೇ ವರ್ಷದ ಫೆಬ್ರವರಿಯಲ್ಲಿ, ಮೂಲ ಅಚ್ಚಿಗೆ ಬೇಕಾದ ಲ್ಯಾಕರ್ ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಖಾನೆಯೂ ಬೆಂಕಿಗೆ ಆಹುತಿಯಾಯಿತು. 2021ರ ಹೊತ್ತಿಗೆ ದೊಡ್ಡ ಕಂಪೆನಿಗಳ ಬೇಡಿಕೆಯ ಹಿಂದೆ ಸಣ್ಣ ತಂಡಗಳು ತಿಂಗಳುಗಟ್ಟಲೆ ಸಾಲಿನಲ್ಲಿ ಕಾಯಬೇಕಾಯಿತು. ಹಳೆಯ ಆಲ್ಬಮ್ಮುಗಳ ಅಲಂಕೃತ ಮರುಮುದ್ರಣ ಮೊದಲು, ನಿನ್ನೆ ಮೊನ್ನೆ ಕಟ್ಟಿದ ತಂಡದ 300 ಪ್ರತಿ ಆಮೇಲೆ. ಬಝ್‌ಕಾಕ್ಸ್ ಹುಡುಗರು ಡಿಸೆಂಬರಿನಲ್ಲಿ ಹಾಡಿ ಜನವರಿಯಲ್ಲಿ ತಟ್ಟೆ ಹಂಚಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಕೂಡಿಡುತ್ತಲೇ ಕಿವಿ ತೆರೆದಿಟ್ಟವರು ಇಲ್ಲವೇ? ಬಿಬಿಸಿಯ ರೇಡಿಯೋ ಒಂದರಲ್ಲಿ 1967ರಿಂದ 2004ರವರೆಗೆ ಸಂಗೀತ ಕೇಳಿಸಿದ ಜಾನ್ ಪೀಲ್ ಇದ್ದ. ಅವನ ಬದುಕಿನ ಎಲ್ಲ ಪುಟಗಳೂ ಮೆಚ್ಚತಕ್ಕವಲ್ಲ. 1965ರಲ್ಲಿ ಟೆಕ್ಸಾಸಿನಲ್ಲಿ ಅವನು ಮದುವೆಯಾದದ್ದು ಹದಿನೈದರ ಹುಡುಗಿಯನ್ನು. ಅದನ್ನು ಮುಚ್ಚಿಟ್ಟು ಹೊಗಳುವುದು ಸಲ್ಲ. ಇಲ್ಲಿ ನೋಡುತ್ತಿರುವುದು ಅವನೊಳಗಿನ ಕೇಳುಗನನ್ನು ಮಾತ್ರ. ಸಫೋಕ್‌ನ ಹಳ್ಳಿಯ ಮನೆಯಲ್ಲಿ ಅವನು 26,000ಕ್ಕೂ ಹೆಚ್ಚು ಎಲ್‌ಪಿಗಳನ್ನೂ ಸುಮಾರು 40,000 ಸಿಂಗಲ್‌ಗಳನ್ನೂ ಕೂಡಿಟ್ಟಿದ್ದ. ಎಲ್‌ಪಿಗಳಿಗೆ ತಾನೇ ಟೈಪ್ ಮಾಡಿದ ಕಾರ್ಡುಗಳಿದ್ದವು. ಗುಮಾಸ್ತನ ಶಿಸ್ತು. ಆದರೆ ಪ್ರಸಾರದ ಹೊತ್ತಿನಲ್ಲಿ ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸಿಬಿಡುವುದರಲ್ಲೂ ಅವನು ಹೆಸರುವಾಸಿ. ರಮೋನ್ಸ್ ಆಲ್ಬಂ ಕೈಸೇರಿದಾಗ ಅವನಿಗೆ ಮೂವತ್ತಾರು. ಅದುವರೆಗೆ ನೀಳ ಸಂಗೀತ ಮೆಚ್ಚಿ ಬಂದಿದ್ದ ಕೇಳುಗರು ಮುನಿಸಿಕೊಂಡರೂ ಅವನು ಪಂಕ್ ಕೇಳಿಸುವುದನ್ನು ಬಿಡಲಿಲ್ಲ. 1978ರ ಸೆಪ್ಟೆಂಬರಿನಲ್ಲಿ ಉತ್ತರ ಐರ್ಲೆಂಡಿನ ಡೆರಿ ಪಟ್ಟಣದ ಅಂಡರ್‌ಟೋನ್ಸ್ ಹುಡುಗರ ‘ಟೀನೇಜ್ ಕಿಕ್ಸ್’ ಹಾಡನ್ನು ಒಮ್ಮೆ ಕೇಳಿಸಿ, ಕೂಡಲೇ ಮತ್ತೊಮ್ಮೆ ಕೇಳಿಸಿದ. ಬೆಲ್‌ಫಾಸ್ಟಿನ ಅಂಗಡಿಕಾರನೊಬ್ಬ ಹೊರತಂದಿದ್ದ ತಟ್ಟೆ ಅದು. ಅವನಿಗೆ ಕೊನೆಯವರೆಗೂ ಅತಿ ಪ್ರಿಯವಾದ ಹಾಡೂ ಅದೇ. ಆದರೂ ಅಲ್ಲಿಗೇ ನಿಲ್ಲಲಿಲ್ಲ. ಬಂದ ಹೊಸ ತಟ್ಟೆಗಳನ್ನು, ಹೆಸರೇ ಕೇಳದ ತಂಡಗಳ ಕ್ಯಾಸೆಟ್ಟುಗಳನ್ನು ಕೇಳುತ್ತ ಹೋದ.

2004ರ ಅಕ್ಟೋಬರಿನಲ್ಲಿ ಪೆರು ದೇಶದ ಕುಸ್ಕೋ ನಗರದಲ್ಲಿ ಅವನು ತೀರಿಕೊಂಡ. ಅವನು ಬೇರೆಯಾಗಿ ಎತ್ತಿಟ್ಟುಕೊಂಡಿದ್ದ ಒಂದು ಮರದ ಪೆಟ್ಟಿಗೆಯಲ್ಲಿ 140ರಷ್ಟು ಸಿಂಗಲ್‌ಗಳಿದ್ದವು. ಅವುಗಳಲ್ಲಿ ಹಳೆಯ ಪಂಕ್ ತಟ್ಟೆಗಳ ಜೊತೆಗೆ, ತನಗೆ ಅರವತ್ತು ತುಂಬುವ ಹೊತ್ತಿಗೆ ಅವನು ಕಂಡುಕೊಂಡ ಡೆಟ್ರಾಯಿಟ್‌ನ ವೈಟ್ ಸ್ಟ್ರೈಪ್ಸ್ ತಂಡದ ತಟ್ಟೆಗಳೂ ಸಾಕಷ್ಟಿದ್ದವು.