ಶ್ರದ್ಧೆ ಬೇರೆ, ಸಾಮರ್ಥ್ಯ ಬೇರೆ: ಅಪಾರ್ಟ್‌ಮೆಂಟ್ ಸಂಘಗಳ ಆಡಳಿತ ಮಂಡಳಿಗಳನ್ನು ಕುರಿತು

ಬೆಂಗಳೂರಿನ ವಸತಿ ಸಮುಚ್ಚಯಗಳಲ್ಲಿ ಫ್ಲಾಟುಗಳ ಒಡೆಯರು ತಮ್ಮೊಳಗಿಂದಲೇ ಆರಿಸಿ ಕೂರಿಸುವ ಆಡಳಿತ ಮಂಡಳಿಗಳು, ಅಂದರೆ ಸಂಬಳವಿಲ್ಲದೆ, ನೌಕರಿ ಸಂಸಾರಗಳ ನಡುವೆ ಬಿಡುವು ಮಾಡಿಕೊಂಡು ಲಿಫ್ಟು, ನೀರು, ಕಾವಲು, ಕಸ, ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಸಮಿತಿಗಳು, ಕಳೆದ ಎರಡು ದಶಕಗಳಲ್ಲಿ ನಾಗರಿಕ ಸ್ವಯಂಸೇವೆಯ ಮಾದರಿಗಳೆಂಬ ಹೆಸರು ಗಳಿಸಿವೆ. ಈ ಹೆಸರಿನಲ್ಲಿ ಅರ್ಧ ಮಾತ್ರ ಅವುಗಳಿಗೆ ಸಲ್ಲುತ್ತದೆ. ಅವುಗಳ ಶ್ರದ್ಧೆ ನಿಜ; ಆದರೆ ಶ್ರದ್ಧೆಯನ್ನು ಕಂಡವರು ಅದನ್ನೇ ಸಾಮರ್ಥ್ಯವೆಂದು ಎಣಿಸಿದ್ದಾರೆ, ಕಟ್ಟಡದ ಆಯುಷ್ಯವನ್ನು ನಿರ್ಧರಿಸುವ ಕೆಲಸಗಳಲ್ಲಿ ಬಹುಪಾಲು ಮಂಡಳಿಗಳು ದುರ್ಬಲವಾಗಿವೆ ಎಂಬ ಸಂಗತಿ ಆ ಮೆಚ್ಚುಗೆಯ ಅಡಿಯಲ್ಲಿ ಮುಚ್ಚಿಹೋಗಿದೆ.

ಇಂಥ ಸಂಘವು 1959ರ ಸಹಕಾರ ಸಂಘಗಳ ಕಾಯ್ದೆ, 1960ರ ಸಂಘಗಳ ನೋಂದಣಿ ಕಾಯ್ದೆ, 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಇವುಗಳಲ್ಲಿ ಯಾವುದರಡಿ ನೋಂದಣಿಯಾಗಬೇಕೆಂಬ ಹಳೆಯ ಜಗಳ ಓದುಗರಿಗೆ ತಿಳಿದದ್ದೇ. ಆದರೆ ಆ ಜಗಳದಲ್ಲಿ ಎಲ್ಲರೂ ಹೆಸರಿಸುವ 1972ರ ಕಾಯ್ದೆಯನ್ನು ಮಂಡಳಿಯ ಸ್ವರೂಪವೇನೆಂದು ತಿಳಿಯಲು ಓದಿದವರು ಕಡಿಮೆ. ಅದರ 16ನೆಯ ಸೆಕ್ಷನ್, ಸಂಘದ ಬೈಲಾದಲ್ಲಿ, ಅಂದರೆ ಒಳಾಡಳಿತದ ನಿಯಮಾವಳಿಯಲ್ಲಿ, ಏನೇನು ಇರಬೇಕೆಂದು ಹೇಳುವಾಗ ಮಂಡಳಿಯ ಬಗ್ಗೆ ಒಂದೇ ಉಸಿರಿನಲ್ಲಿ ಹಲವು ಮಾತು ಆಡುತ್ತದೆ: ಮಂಡಳಿ ಒಡೆಯರೊಳಗಿಂದ ಚುನಾಯಿತವಾಗಬೇಕು; ಪ್ರತಿವರ್ಷ ಕನಿಷ್ಠ ಮೂರನೆಯ ಒಂದು ಭಾಗ ಸದಸ್ಯರ ಅವಧಿ ಮುಗಿಯಬೇಕು; ಸದಸ್ಯರಿಗೆ ಸಂಭಾವನೆ ಇದ್ದರೆ ಅದು ಎಷ್ಟೆಂದು ನಮೂದಾಗಬೇಕು; ಮಂಡಳಿ ಕಾರ್ಯದರ್ಶಿಯನ್ನೋ ವ್ಯವಸ್ಥಾಪಕನನ್ನೋ ನೇಮಿಸಿಕೊಳ್ಳಬಹುದೇ, ನೇಮಿಸಿಕೊಂಡರೆ ಯಾವ ಅಧಿಕಾರಗಳನ್ನು ಅವನಿಗೆ ವಹಿಸಬಹುದು ಎಂಬುದೂ ಅಲ್ಲೇ ಸ್ಪಷ್ಟವಾಗಬೇಕು.

ಈ ಸೆಕ್ಷನ್ನನ್ನು ಸಾಮಾನ್ಯವಾಗಿ ಪದಾಧಿಕಾರಿಗಳು ಕುರ್ಚಿಗೆ ಅಂಟಿಕೊಳ್ಳದಂತೆ ತಡೆಯುವ ಕಟ್ಟುಪಾಡೆಂದು ಮಾತ್ರ ಓದಲಾಗುತ್ತದೆ. ಕನಿಷ್ಠ ಮೂರನೆಯ ಒಂದು ಭಾಗ ಎಂದಿರುವುದರಿಂದ ಇಡೀ ಮಂಡಳಿಯೇ ವರ್ಷಕ್ಕೊಮ್ಮೆ ಬದಲಾದರೂ ಕಾಯ್ದೆಗೆ ವಿರುದ್ಧವಲ್ಲ ಎಂದು ವಾದಿಸುವವರೂ ಇದ್ದಾರೆ, ಅಕ್ಷರಾರ್ಥದಲ್ಲಿ ಆ ವಾದ ನಿಲ್ಲುತ್ತದೆ ಕೂಡ. ಆದರೆ ಶಾಸನ ರಚಿಸಿದವರ ಉದ್ದೇಶ ಅಷ್ಟೇ ಆಗಿದ್ದರೆ ಪ್ರತಿವರ್ಷ ಹೊಸ ಚುನಾವಣೆ ನಡೆಯಲಿ ಎಂದು ಬರೆದರೆ ಸಾಕಿತ್ತು, ಭಾಗದ ಲೆಕ್ಕ ಹಾಕುವ ಅಗತ್ಯವೇ ಬೀಳುತ್ತಿರಲಿಲ್ಲ. ಮೂರನೆಯ ಒಂದು ಭಾಗ ನಿವೃತ್ತವಾಗುವ ಮಂಡಳಿಯಲ್ಲಿ ಉಳಿದ ಎರಡು ಭಾಗ ಮುಂದುವರಿಯುತ್ತದೆ. ಹೋದ ವರ್ಷ ಪಂಪಿನ ಗುತ್ತಿಗೆ ಯಾಕೆ ಬದಲಾಯಿತು, ಯಾವ ಗೋಡೆಯ ತೇವ ಯಾವ ಮಹಡಿಯಿಂದ ಇಳಿಯುತ್ತಿದೆ, ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಯಾವ ಷರತ್ತಿನ ಮೇಲೆ ಪರವಾನಗಿ ಸಿಕ್ಕಿದೆ ಎಂಬುದನ್ನು ಬಲ್ಲವರು ಒಳಗಿರುತ್ತಾರೆ. ಹೊಸಬರಿಗೆ ಕಲಿಯಲು ಎಡೆಯಿರುವ, ಹಳಬರು ಶಾಶ್ವತವಾಗಿ ಕೂರದ ಮಂಡಳಿಯೊಂದು ಆ ಲೆಕ್ಕದ ಹಿಂದೆ ಇದೆ. ವಾಡಿಕೆಯಲ್ಲಿ ನಡೆಯುವುದು ಇದರ ಎರಡು ವಿರುದ್ಧ ತುದಿಗಳು. ಒಂದೆಡೆ ಮಹಾಸಭೆಯಲ್ಲಿ ಜಗಳವಾಗಿ ಇಡೀ ಮಂಡಳಿ ರಾಜೀನಾಮೆ ಕೊಟ್ಟು, ಕಡತಗಳೂ ಪಾಸ್‌ವರ್ಡ್‌ಗಳೂ ಹಳಬರ ಮನೆಯಲ್ಲೇ ಉಳಿಯುತ್ತವೆ. ಇನ್ನೊಂದೆಡೆ ಯಾರೂ ಮುಂದೆ ಬಾರದೆ ಅದೇ ಮೂವರು ವರ್ಷಗಟ್ಟಲೆ ಹೊರೆ ಹೊರುತ್ತಾರೆ. ಎರಡರಲ್ಲೂ ಶ್ರದ್ಧೆಗೆ ಕೊರತೆಯಿಲ್ಲ, ಆದರೆ ಕಲಿತದ್ದು ಸಂಸ್ಥೆಯಲ್ಲಿ ಉಳಿಯುವುದಿಲ್ಲ.

ಅದೇ ಸೆಕ್ಷನ್ನಿನ ಸಂಭಾವನೆಯ ಮಾತು ಇನ್ನೂ ಮುಖ್ಯವಾದದ್ದು. ಮಂಡಳಿಯ ಸದಸ್ಯರು ಬಿಟ್ಟಿ ದುಡಿಯಲೇಬೇಕೆಂದು ಕಾಯ್ದೆ ಎಲ್ಲೂ ವಿಧಿಸುವುದಿಲ್ಲ. ಸಂಬಳದ ವ್ಯವಸ್ಥಾಪಕನ ಸಾಧ್ಯತೆಯನ್ನೂ ಅದು ಜೊತೆಯಲ್ಲೇ ಇಡುತ್ತದೆ. ಮೇಲ್ವಿಚಾರಣೆ ಒಡೆಯರದ್ದು, ನಿರ್ವಹಣೆ ಬಲ್ಲವರದ್ದು ಎಂಬ ವಿಭಜನೆ ಅಲ್ಲಿದೆ. ನಿಸ್ವಾರ್ಥ ಸೇವೆಯ ಹೊಗಳಿಕೆ ಈ ವಿಭಜನೆಯನ್ನು ಅಳಿಸಿ, ಸಾಫ್ಟ್‌ವೇರ್ ಎಂಜಿನಿಯರೂ ನಿವೃತ್ತ ಬ್ಯಾಂಕ್ ಅಧಿಕಾರಿಯೂ ಕೊಳವೆಬಾವಿಯ ಮೋಟಾರನ್ನು ತಾವೇ ಪರೀಕ್ಷಿಸಬೇಕೆಂಬ ನಿರೀಕ್ಷೆಯನ್ನು ಬೆಳೆಸಿತು.

ಈ ನಿರೀಕ್ಷೆಯ ಹಾನಿ ಹೆಚ್ಚಾಗಿ ಕಾಣುವುದು ಕಟ್ಟಡದ ಮೊದಲ ಐದು ವರ್ಷಗಳಲ್ಲಿ. 2016ರ ರೇರಾ ಕಾಯ್ದೆಯ, ಅಂದರೆ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯ, 14ನೆಯ ಸೆಕ್ಷನ್ನಿನ ಪ್ರಕಾರ, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲೋ ಕಾಮಗಾರಿಯಲ್ಲೋ ದೋಷವನ್ನು ಗಮನಕ್ಕೆ ತಂದರೆ ನಿರ್ಮಾಣ ಸಂಸ್ಥೆ ಅದನ್ನು ಮೂವತ್ತು ದಿನಗಳಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಅಂದರೆ ಸಂಘದ ಇಡೀ ಆಯುಷ್ಯದಲ್ಲಿ ಅತ್ಯಂತ ಬೆಲೆಬಾಳುವ ಐದು ವರ್ಷಗಳು ಅತ್ಯಂತ ಅನನುಭವಿ ಮಂಡಳಿಗಳ ಕೈಯಲ್ಲಿರುತ್ತವೆ. ಆ ಅವಧಿಯಲ್ಲಿ ಹೊರಗಿನ ಸ್ಟ್ರಕ್ಚರಲ್ ಎಂಜಿನಿಯರೊಬ್ಬರಿಂದ ಕಟ್ಟಡದ ತಪಾಸಣೆ ಮಾಡಿಸಿ, ದೋಷಗಳನ್ನು ಬರಹದಲ್ಲಿ ತಿಳಿಸಿದ ಮಂಡಳಿಯನ್ನು ಸಮರ್ಥವೆನ್ನಬೇಕು. ರಾಜ್ಯೋತ್ಸವವನ್ನೂ ಗಣೇಶೋತ್ಸವವನ್ನೂ ಚೆನ್ನಾಗಿ ನಡೆಸಿ ತಪಾಸಣೆಯನ್ನು ಮರೆತ ಮಂಡಳಿಯನ್ನು ಹಾಗೆನ್ನಲಾಗದು.

ಹಣದ ವಿಷಯದಲ್ಲೂ ಇದೇ ಮಾತು. ಲಿಫ್ಟು ಬದಲಿಸುವಂಥ, ಹೊರಗೋಡೆ ದುರಸ್ತಿಯಂಥ ಮುಂದಿನ ದೊಡ್ಡ ಖರ್ಚುಗಳಿಗೆಂದು ಪ್ರತಿವರ್ಷ ತೆಗೆದಿಡುವ ಮೀಸಲು ನಿಧಿಗೆ ಸಿಂಕಿಂಗ್ ಫಂಡ್ ಎನ್ನುತ್ತಾರೆ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿ, ಒಬ್ಬ ಸದಸ್ಯನ ತಿಂಗಳ ನಿರ್ವಹಣಾ ವಂತಿಗೆ 7,500 ರೂಪಾಯಿ ದಾಟಿದರೆ ಶೇಕಡ 18ರ ಜಿಎಸ್‌ಟಿ ತಗಲುವುದರಿಂದ, ಆ ಗೆರೆಯ ಕೆಳಗೇ ಉಳಿಯುವ ಒತ್ತಡಕ್ಕೆ ಮೊದಲು ಬಲಿಯಾಗುವುದು ಈ ನಿಧಿ. ನಿಧಿಯನ್ನು ಹೀಗೆ ಬಲಿಗೊಡುವುದರ ಕೊನೆಯ ಘಟ್ಟ ಎಲ್ಲಿಗೆ ಮುಟ್ಟಬಹುದೆಂಬುದನ್ನು ಅಮೆರಿಕದ ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರಂದು ಕುಸಿದ ಷಾಂಪ್ಲೇನ್ ಟವರ್ಸ್ ಸೌತ್ ಎಂಬ ವಸತಿ ಕಟ್ಟಡ ತೋರಿಸಿತು. ಕಟ್ಟಡದ ಗಂಭೀರ ಹಾನಿಯನ್ನು 2018ರಲ್ಲೇ ಎಂಜಿನಿಯರರ ವರದಿ ಎತ್ತಿ ಹೇಳಿತ್ತು, ದುರಸ್ತಿಯ ಹಣದ ಬಗ್ಗೆ ಒಡೆಯರು ವರ್ಷಗಳ ಕಾಲ ವಾದಿಸಿದರು, ಕೊನೆಗೆ 98 ಜನ ಸತ್ತರು. ಮರುವರ್ಷ ಫ್ಲೋರಿಡಾ ರಾಜ್ಯ ಹಳೆಯ ಬಹುಮಹಡಿ ಕಟ್ಟಡಗಳ ತಪಾಸಣೆಯನ್ನೂ ಮೀಸಲು ನಿಧಿಯನ್ನೂ ಕಡ್ಡಾಯಗೊಳಿಸುವ ಶಾಸನ ತಂದಿತು.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಮಂಡಳಿಗಳು ಹಗಲಿರುಳು ಟ್ಯಾಂಕರುಗಳ ಹಿಂದೆ ಓಡಾಡಿದ್ದನ್ನು, ನಲ್ಲಿಗಳಿಗೆ ನೀರು ಉಳಿಸುವ ಏರೇಟರ್ ಹಾಕಿಸಿದ್ದನ್ನು ಯಾರೂ ಕಡೆಗಣಿಸಬಾರದು. ಆ ದುಡಿಮೆಗೆ ಗೌರವ ಸಲ್ಲಲೇಬೇಕು.

ಆದರೂ ಆ ಗೌರವ ಸಾಮರ್ಥ್ಯದ ಪ್ರಶ್ನೆಯನ್ನು ಮುಚ್ಚಬಾರದು; ಈ ಪ್ರಶ್ನೆಯಲ್ಲೇ ಇಂಥ ಸಂಘಗಳ ಬಗ್ಗೆ ಬರೆದ ವಿಮರ್ಶಕರೊಂದಿಗೆ ತಕರಾರು ಉಳಿಯುತ್ತದೆ. ರಾಜಕೀಯ ಚಿಂತಕ ಪಾರ್ಥ ಚಟರ್ಜಿಯವರು 2004ರ ತಮ್ಮ ಪುಸ್ತಕದಲ್ಲಿ ಹಕ್ಕುಗಳ ಭಾಷೆಯಾಡುವ ನಾಗರಿಕ ಸಮಾಜವನ್ನೂ ಸರ್ಕಾರದೊಡನೆ ಚೌಕಾಸಿ ಮಾಡಿ ಬದುಕುವ ರಾಜಕೀಯ ಸಮಾಜವನ್ನೂ ಬೇರ್ಪಡಿಸಿದ ಮೇಲೆ, ನಿವಾಸಿ ಸಂಘಗಳನ್ನು ಕುರಿತ ಬಹಳಷ್ಟು ಬರಹ ಒಂದೇ ಪ್ರಶ್ನೆಗೆ ಕಟ್ಟುಬಿದ್ದಿದೆ: ಇವು ಯಾರನ್ನು ಹೊರಗಿಡುತ್ತವೆ? ಗೇಟಿನಲ್ಲಿ ಮನೆಗೆಲಸದವರನ್ನು ತಡೆದು ನಿಲ್ಲಿಸುವ ಸಂಘದ ಬಗ್ಗೆ ಆ ಪ್ರಶ್ನೆ ಅತ್ಯಗತ್ಯವೇ. ಆದರೆ ಸಂಘ ಮಧ್ಯಮವರ್ಗದ್ದು ಎಂದಮಾತ್ರಕ್ಕೆ ಅದು ಕೆಲಸ ಬಲ್ಲದ್ದೆಂದು ಈ ಬರಹಗಳು ಪರೀಕ್ಷಿಸದೆ ಒಪ್ಪಿಕೊಂಡುಬಿಡುತ್ತವೆ. ಹೊಗಳುವವರ ತಪ್ಪನ್ನೇ ತೆಗಳುವವರೂ ಮಾಡಿದ್ದಾರೆ. ಇನ್ನೊಂದು ಗುಂಪು 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಅವರ ಹೆಸರು ಹೇಳಿ, ಸಾಮುದಾಯಿಕ ಆಸ್ತಿಯನ್ನು ಬಳಕೆದಾರರೇ ಚೆನ್ನಾಗಿ ನಡೆಸಬಲ್ಲರು ಎನ್ನುತ್ತದೆ. ಆಸ್ಟ್ರಂ 1990ರ ಗ್ರಂಥದಲ್ಲಿ ವಿವರಿಸಿದ ಸ್ಪೇನಿನ ನೀರಾವರಿ ಸಮುದಾಯಗಳು ನೀರು ಹಂಚುವುದನ್ನು ಕಾಯಲು ಆಳುಗಳನ್ನು ನೇಮಿಸಿ ಕೂಲಿ ಕೊಡುತ್ತಿದ್ದವು ಎಂಬುದನ್ನು ಈ ಗುಂಪು ಉಲ್ಲೇಖಿಸುವುದೇ ಇಲ್ಲ.

ಹಾವೇರಿ ಜಿಲ್ಲೆಯ ಹಾನಗಲ್ ಸೀಮೆಯ ತಿಳವಳ್ಳಿಯಂಥ ಕೆರೆಯ ಊರುಗಳವರಿಗೆ ಕೂಲಿ ಕೊಟ್ಟು ನೀರು ಕಾಯಿಸುವುದು ಹೊಸ ಸಂಗತಿಯಲ್ಲ. ಕರ್ನಾಟಕದ ಅನೇಕ ಕೆರೆ ಪ್ರದೇಶಗಳಲ್ಲಿ ಸರದಿ, ದಂಡ, ದುರಸ್ತಿಗಳನ್ನು ಹಿರಿಯರು ತೀರ್ಮಾನಿಸಿದರೂ ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಡುತ್ತಿದ್ದವನು ನೀರಗಂಟಿ, ಅವನ ಕೆಲಸಕ್ಕೆ ಕಾಳಿನ ಪಾಲೋ ಇನಾಮು ಭೂಮಿಯೋ ಸಲ್ಲುತ್ತಿತ್ತು. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸಮುದಾಯ ಆಧಾರಿತ ಕೆರೆ ಯೋಜನೆಯಲ್ಲಿ ಜಲಸಂವರ್ಧನೆ ಯೋಜನಾ ಸಂಘವು ಹಾವೇರಿಯೂ ಸೇರಿದ ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಹೂಳೆತ್ತುವ ಕೆಲಸ ಮುಗಿದ ಮೇಲೆ ಪ್ರತಿವರ್ಷ ತೂಬು ಕೋಡಿಗಳನ್ನು ನೋಡಿಕೊಳ್ಳುವವನು ಯಾರು, ಅವನಿಗೆ ಕೂಲಿ ಕೊಡುವವರು ಯಾರು ಎಂಬ ಪ್ರಶ್ನೆ ಅಲ್ಲಿಯೂ ಹುಟ್ಟುವಂಥದ್ದೇ.

ಮತ್ತೆ ಬೆಂಗಳೂರಿಗೆ ಬಂದರೆ, ದೊಡ್ಡ ಸಮುಚ್ಚಯಗಳು ಈಗ ನಿರ್ವಹಣಾ ಕಂಪನಿಗಳನ್ನು ನೇಮಿಸಿಕೊಂಡಿವೆ, ಆದ್ದರಿಂದ ಕೊರತೆ ತುಂಬಿದೆ ಎಂಬ ಉತ್ತರ ಬರಬಹುದು. ಆದರೆ ಯಾವ ಅಧಿಕಾರ ವಹಿಸಿದೆ, ಯಾವುದು ಉಳಿದಿದೆ ಎಂಬುದನ್ನು ಬೈಲಾದಲ್ಲಿ ಬರೆಯದೆ, ಕಂಪನಿಯ ತಿಂಗಳ ವರದಿಯನ್ನು ಓದಿ ಪ್ರಶ್ನೆ ಕೇಳಬಲ್ಲ ಇಬ್ಬರಾದರೂ ಮಂಡಳಿಯಲ್ಲಿ ಎರಡನೆಯ ವರ್ಷವೂ ಉಳಿಯದೆ, ಆ ನೇಮಕ ಮೇಲ್ವಿಚಾರಣೆಯನ್ನೂ ಹೊರಗೆ ಕೊಟ್ಟಂತೆಯೇ ಆಗುತ್ತದೆ. ಆ ಇಬ್ಬರನ್ನು ಉಳಿಸಿಕೊಳ್ಳಬೇಕಾದ ಒಡೆಯರಲ್ಲಿ ಹೆಚ್ಚಿನವರು ಮಹಾಸಭೆಗೆ ಬರುವುದು ವಂತಿಗೆ ಏರಿಸುವ ಪ್ರಸ್ತಾವವಿದ್ದ ವರ್ಷ ಮಾತ್ರ.