ಬಂಡೆಯೊಳಗಿನ ಅಪ್ಪ

2007ರಲ್ಲಿ ಡಿಸ್ನಿ ತೆರೆಗೆ ತಂದ ‘ದಿ ಗೇಮ್ ಪ್ಲ್ಯಾನ್’ ಕಥೆಯಲ್ಲಿ ಹೊಸತೇನಿಲ್ಲ. ಬಾಸ್ಟನ್‌ನ ಅಮೆರಿಕನ್ ಫುಟ್‌ಬಾಲ್ ತಾರೆ ಜೋ ಕಿಂಗ್‌ಮನ್ ‘ನಾನು, ನನ್ನಾಟ’ ಎಂದು ಮೆರೆಯುವವನು. ಒಂದು ದಿನ ಎಂಟು ವರ್ಷದ ಪೇಟನ್ ಬಾಗಿಲಿಗೆ ಬಂದು, ‘ನಾನು ನಿನ್ನ ಮಗಳು’ ಎನ್ನುತ್ತಾಳೆ. ಮುಂದಿನದನ್ನು ಯಾರು ಬೇಕಾದರೂ ಊಹಿಸಬಹುದು.

ಆದರೂ ಚಿತ್ರ ಹಿಡಿದು ಕೂರಿಸುತ್ತದೆ. ನಿರ್ದೇಶಕ ಆಂಡಿ ಫಿಕ್‌ಮನ್ ನಗೆಯನ್ನು ಮಾತಿಗಿಂತ ಹೆಚ್ಚಾಗಿ ವಸ್ತುಗಳಲ್ಲಿ ಇಟ್ಟಿದ್ದಾರೆ. ಅಪ್ಪ ಜೋಪಾನ ಮಾಡಿದ ಚೆಂಡಿಗೆ ಮಗಳು ಮಿನುಗುವ ಹರಳು ಅಂಟಿಸುತ್ತಾಳೆ. ಅವನ ಬುಲ್‌ಡಾಗ್‌ಗೆ ನೃತ್ಯದ ಲಂಗ ತೊಡಿಸುತ್ತಾಳೆ. ಒಂಟಿ ಗಂಡಸಿನ ಮನೆಗೆ ಮಗುವೊಂದು ಕಾಲಿಟ್ಟಿದೆ ಎನ್ನಲು ಇನ್ನೇನು ಬೇಕು?

ಜೋ ಪಾತ್ರ ಡ್ವೇನ್ ಜಾನ್ಸನ್ ಅವರದು. ಕುಸ್ತಿ ಅಖಾಡದಲ್ಲಿ ‘ದಿ ರಾಕ್’, ಅಂದರೆ ಬಂಡೆ, ಎಂದು ಹೆಸರಾದವರು. ಕಾಲೇಜು ದಿನಗಳಲ್ಲಿ ಮಯಾಮಿ ವಿಶ್ವವಿದ್ಯಾಲಯದ ಪರ ನಿಜವಾಗಿಯೂ ಫುಟ್‌ಬಾಲ್ ಆಡಿದವರು. ಆ ದೈತ್ಯದೇಹ ಮಗಳಿಗಾಗಿ ಬ್ಯಾಲೆ ವೇದಿಕೆ ಏರಿದಾಗ ನಗು ಉಕ್ಕುತ್ತದೆ, ಹಿಂದೆಯೇ ಕಣ್ಣೂ ತೇವವಾಗುತ್ತದೆ. ಪೇಟನ್ ಆಗಿ ಮ್ಯಾಡಿಸನ್ ಪೆಟಿಸ್, ಜಾನ್ಸನ್ ಎದುರು ಎಷ್ಟೋ ದೃಶ್ಯಗಳನ್ನು ಸಲೀಸಾಗಿ ಗೆದ್ದುಬಿಡುತ್ತಾಳೆ.

ಮಹಾನ್ ಚಿತ್ರವೇನಲ್ಲ. ಆದರೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಜುಗರವಿಲ್ಲದೆ ನೋಡಬಹುದು. ಅಪ್ಪಂದಿರಂತೂ ತಪ್ಪದೆ ನೋಡಿ.