ಐರೋಲಿಯ ಬನ್ಸ್: ಹಣ್ಣು ಕಡಿಮೆ, ಅವಸರ ಹೆಚ್ಚು

ಮುಂಬಯಿಯ ಮಾತುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಉಡುಪಿ ಬೋರ್ಡಿಂಗ್ ತೆರೆದರು. ಅಂಥವರ ಹಿಂದೆ ಬಂದ ಕರಾವಳಿಯ ತಿಂಡಿಗಳು ಠಾಣೆ ಖಾಡಿಯನ್ನು ದಾಟಿ ನವಿ ಮುಂಬಯಿಯ ಐರೋಲಿಗೂ ತಲುಪಿವೆ. ಠಾಣೆ-ವಾಶಿ ಲೋಕಲ್ ಹಿಡಿಯುವವರು ನಿಂತು ತಿನ್ನುವ ಇಲ್ಲಿನ ಕೆಲವು ಉಡುಪಿ ಹೋಟೆಲುಗಳಲ್ಲಿ ಇಡ್ಲಿ, ಪೂರಿ-ಭಾಜಿಗಳ ಜೊತೆ ಮಂಗಳೂರು ಬನ್ಸ್ ಸಿಗುತ್ತದೆ. ಹೆಸರು ಬಂದಿದೆ, ಬನ್ಸ್ ಇನ್ನೂ ಪೂರ್ತಿ ಬಂದಿಲ್ಲ ಎಂಬುದು ನನ್ನ ತಕರಾರು.

ಪೂರಿಯೂ ಎಣ್ಣೆಯಲ್ಲಿ ಉಬ್ಬುತ್ತದೆ, ಬನ್ಸ್ ಕೂಡ ಉಬ್ಬುತ್ತದೆ. ಆದರೆ ಪೂರಿ ತೆಳ್ಳಗಿನದು. ಅದರೊಳಗಿನ ನೀರು ಹಬೆಯಾಗಿ ಎರಡು ಪದರ ಬೇರ್ಪಟ್ಟರೆ ಕೆಲಸ ಮುಗಿಯಿತು. ಬನ್ಸ್ ದಪ್ಪಗಿರಬೇಕು, ಮುರಿದಾಗ ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಣ್ಣುಗಳು ಕಾಣಬೇಕು. ಅದಕ್ಕೆ ಬೇಕಾದದ್ದು ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣು, ಹುಳಿ ಮೊಸರು, ಚಿಟಿಕೆ ಸೋಡಾ, ಜೀರಿಗೆ ಮತ್ತು ಒಂದು ರಾತ್ರಿ. ಹಣ್ಣು ಮೊಸರಿನ ತೇವಕ್ಕೇ ಮೈದಾ ಕಲಸುತ್ತಾರೆ, ನೀರು ಹಾಕುವುದಿಲ್ಲ. ಮುಚ್ಚಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಬಿಗುವು ಕಳೆದುಕೊಂಡು, ತುಸು ಹುಳಿಯಾಗಿ, ಕೈಗೆ ಅಂಟುವಷ್ಟು ಮೆತ್ತಗಾಗುತ್ತದೆ.

ಹೋಟೆಲಿನ ಅಡುಗೆಮನೆ ಈ ಒಂದು ರಾತ್ರಿಯನ್ನೇ ಕತ್ತರಿಸುತ್ತದೆ. ನಾನು ತಿಂದ ಎಷ್ಟೋ ತಟ್ಟೆಗಳಲ್ಲಿ ಬಾಳೆಹಣ್ಣಿನ ಜಾಗವನ್ನು ಸಕ್ಕರೆ ತೆಗೆದುಕೊಂಡಿತ್ತು, ಕಾಯುವ ಹೊತ್ತಿನ ಜಾಗವನ್ನು ಸೋಡಾ. ಬಾಯಲ್ಲಿ ಸೋಡಾದ ಕಹಿ ಉಳಿಯುತ್ತದೆ, ಹಣ್ಣಿನ ಪರಿಮಳ ಎಲ್ಲಿಯೂ ಇಲ್ಲ. ಸಿಹಿ ಪೂರಿ ಎಂದು ಕರೆದು ಕೊಟ್ಟಿದ್ದರೆ ತಕರಾರಿರಲಿಲ್ಲ.

ಹಣ್ಣಿನ ಮಾತೂ ಇದೆ. ಕರಾವಳಿಯ ಊರಲ್ಲಿ ಕದಳಿಯಂಥ ಸಣ್ಣ ಬಾಳೆಗೆ ಸ್ವಂತ ಹುಳಿ ಇರುತ್ತದೆ. ಇಲ್ಲಿನ ಮಾರುಕಟ್ಟೆಗೆ ಹೆಚ್ಚಾಗಿ ಬರುವುದು ಜಳಗಾಂವ್ ಕಡೆಯ ಉದ್ದ ಬಾಳೆ. ಅದು ಬರೀ ಸಿಹಿ. ಹಾಗಾಗಿ ಇಲ್ಲಿ ಬನ್ಸ್ ಮಾಡುವವರು ಮೊಸರನ್ನು ಇನ್ನೊಂದು ದಿನ ಹುಳಿಯಲು ಬಿಡಬೇಕು, ಸಕ್ಕರೆಯನ್ನು ಅರ್ಧಕ್ಕೆ ಇಳಿಸಬೇಕು. ನಮ್ಮ ಸೆಕ್ಟರಿನ ತುಳು, ಕೊಂಕಣಿ ಮನೆಗಳ ಹೆಂಗಸರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಅವರ ಡಬ್ಬಿಯಿಂದ ಬಂದ ಬನ್ಸ್ ತಿಂದವರಿಗೆ ಹೋಟೆಲಿನದ್ದು ರುಚಿಸುವುದು ಕಷ್ಟ.

ಇನ್ನು ಉರಿ. ಪೂರಿ ಕರಿದ ಬಾಣಲೆಯಲ್ಲೇ, ಅದೇ ಭರದ ಉರಿಯಲ್ಲಿ ಬನ್ಸ್ ಬಿಡುವುದು ದೊಡ್ಡ ತಪ್ಪು. ಹಿಟ್ಟಿನಲ್ಲಿ ಹಣ್ಣಿನ ಸಕ್ಕರೆ ಇರುವುದರಿಂದ ಹೊರಮೈ ಬೇಗ ಕಪ್ಪಾಗುತ್ತದೆ, ನಡುವೆ ಹಸಿ ಉಳಿಯುತ್ತದೆ. ಉರಿ ತೀರ ತಗ್ಗಿಸಿದರೆ ಎಣ್ಣೆ ಕುಡಿಯುತ್ತದೆ. ನಡು ಉರಿಯಲ್ಲಿ, ಸೌಟಿನಿಂದ ಮೇಲೆ ಎಣ್ಣೆ ಹಾರಿಸುತ್ತ, ಎರಡೂ ಮೈ ಜೇನುಬಣ್ಣಕ್ಕೆ ತಿರುಗುವವರೆಗೆ ಪಕ್ಕದಲ್ಲೇ ನಿಲ್ಲಬೇಕು. ಇಪ್ಪತ್ತು ಆರ್ಡರುಗಳ ನಡುವೆ ಆ ನಿಲುವು ಕಷ್ಟ ನಿಜ. ಆದರೆ ಇದೇ ಊರಿನ ದಿವಾ ಗಾಂವ್‌ನಂಥ ಕೋಳಿ, ಆಗ್ರಿ ಸಮುದಾಯಗಳ ವಸತಿಗಳಲ್ಲಿ ಮದುವೆಗೆ ಅಕ್ಕಿಹಿಟ್ಟಿನ ವಡೆ ಕರಿಯುವವರು ರಾಶಿ ರಾಶಿ ಮಾಡುತ್ತಾರೆ; ಒಂದೊಂದನ್ನೂ ಕೈಯಲ್ಲಿ ತಟ್ಟಿ ಎಣ್ಣೆಗೆ ಬಿಡುತ್ತಾರೆ. ಕೋಳಿ ರಸ್ಸಾದಲ್ಲಿ ಅದ್ದಿದರೆ ಆ ವಡೆ ರಸ ಹೀರುತ್ತದೆ, ಕರಗಿ ಹೋಗುವುದಿಲ್ಲ. ಬನ್ಸ್ ಕರಿಯುವವರು ನೋಡಿ ಕಲಿಯಬೇಕಾದ ಕೈ ಅದು.

ತಿನ್ನುವ ಕ್ರಮದಲ್ಲೂ ನನ್ನದು ಹಟ. ಸಾಂಬಾರಿನಲ್ಲಿ ಮುಳುಗಿಸಿದರೆ ಬಾಳೆಹಣ್ಣಿನ ರುಚಿ ಸಾಯುತ್ತದೆ. ಹಸಿಮೆಣಸು ಧಾರಾಳವಾಗಿ ಬಿದ್ದ, ಗಟ್ಟಿ ತೆಂಗಿನಕಾಯಿ ಚಟ್ನಿಯೇ ಅದಕ್ಕೆ ಜೋಡಿ. ಸಿಹಿಯ ಮೇಲೆ ಖಾರ ಕೂತಾಗ ಜೀರಿಗೆ ಎದ್ದು ಬರುತ್ತದೆ. ಪೂರಿಯಂತೆ ಬಾಣಲೆಯಿಂದ ನೇರ ತಟ್ಟೆಗೇ ಬರಬೇಕೆಂದೂ ಇಲ್ಲ. ಹಣ್ಣು ಸರಿಯಾಗಿ ಬಿದ್ದ ಬನ್ಸ್ ಮರುದಿನವೂ ಮೆತ್ತಗಿರುತ್ತದೆ, ಬೆಳಗಿನ ಚಹಾಕ್ಕೆ ತಣ್ಣಗೇ ಚೆನ್ನ. ಹೋಟೆಲಿನದ್ದನ್ನು ಒಮ್ಮೆ ಕಟ್ಟಿಸಿಕೊಂಡು ಬಂದು ಮರುದಿನ ಮುರಿದು ನೋಡಿ: ರಬ್ಬರಿನಂತೆ ಎಳೆದುಕೊಂಡರೆ, ಹಿಂದಿನ ರಾತ್ರಿ ಆ ಅಡುಗೆಮನೆಯಲ್ಲಿ ಯಾರೂ ಹಿಟ್ಟು ಕಲಸಿಟ್ಟಿರಲಿಲ್ಲ.